ನೀಹಾರಿಕೆಯ ಬೆಳಕೂ ಊರಿನ ದೀಪವೂ

ಮಾಘಮಾಸದ ಅಮಾವಾಸ್ಯೆಯ ಸುಮಾರಿಗೆ, ರಾತ್ರಿಯ ಊಟ ತೀರಿದ ಹೊತ್ತಿನಲ್ಲಿ, ಕಮತಗಿಯ ಮಾಳಿಗೆಯ ಮೇಲೆ ನಿಂತು ದಕ್ಷಿಣಕ್ಕೆ ಮುಖ ಮಾಡಿದವನಿಗೆ ಮಹಾವ್ಯಾಧನ ನಡುವಿನ ಮೂರು ನಕ್ಷತ್ರಗಳು ಎತ್ತರದಲ್ಲಿ ಕಾಣುವವು. ಅವುಗಳ ಕೆಳಗೆ ತೂಗಬಿಟ್ಟಂತೆ ಮತ್ತೊಂದು ಕಿರುಸಾಲು ಇರುವದು. ಆ ಸಾಲಿನ ನಡುವಿನ ಚುಕ್ಕೆಯೊಂದು ಮಾತ್ರ ಉಳಿದವುಗಳಂತೆ ಚೂಪಾಗಿರದೆ ಹಿಂಜಿದ ಅರಳೆಯ ಎಳೆಯಂತೆ ಮಸುಕಾಗಿ ತೋರುವದು. ನೇಕಾರರ ಊರಿನಲ್ಲಿ ಈ ಹೋಲಿಕೆ ಯಾರಿಗೂ ಹೊಸದಲ್ಲ. ಅದು ನಕ್ಷತ್ರವಲ್ಲ, ನಕ್ಷತ್ರಗಳು ಹುಟ್ಟುತ್ತಿರುವ ಅನಿಲರಾಶಿ. ಖಗೋಲಶಾಸ್ತ್ರಜ್ಞರು ಇದಕ್ಕೆ ನೀಹಾರಿಕೆಯೆಂದು ಹೆಸರಿಟ್ಟಿದ್ದಾರೆ. ಅದರ ಬೆಳಕು ಭೂಮಿಯನ್ನು ಮುಟ್ಟಲು ಸುಮಾರು ೧೩೦೦ ವರ್ಷಗಳು ಬೇಕು. ಎಂದರೆ, ಈ ಕಾಲದವರ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು. ಪಟ್ಟದಕಲ್ಲಿನ ದೊಡ್ಡ ದೇವಾಲಯಗಳು ಏಳುವ ಕಾಲವು ಸಮೀಪಿಸಿತ್ತು.

ಇಷ್ಟು ದೂರ ನಡೆದುಬಂದ ಬೆಳಕು ಕಡೆಯ ಗಳಿಗೆಯಲ್ಲಿ, ಊರಿನ ಬೀದಿದೀಪದ ಮುಂದೆ ಸೋತುಹೋಗುವದು. ಆ ಬೆಳಕನ್ನು ಹಿಡಿದಿಡಲು ಮನುಷ್ಯನು ಮಾಡಿದ ಪ್ರಯತ್ನದ ಇತಿಹಾಸವೂ, ತಾನೇ ಹೊತ್ತಿಸಿದ ದೀಪದಿಂದ ತಪ್ಪಿಸಿಕೊಂಡು ಕತ್ತಲೆಯನ್ನರಸಿ ಅವನು ಅಲೆದ ಇತಿಹಾಸವೂ ಜೊತೆಜೊತೆಯಾಗಿಯೇ ಸಾಗಿವೆ. ಇವೆರಡರಲ್ಲಿಯೂ ಕನ್ನಡ ನಾಡಿನ ಪಾಲು ಕಡಿಮೆಯದಲ್ಲ.

ಆಕಾಶವನ್ನು ನೋಡಿ ಬರೆದಿಡುವ ವಾಡಿಕೆ ಈ ಸೀಮೆಗೆ ಹಳೆಯದು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ಶಕವರ್ಷ ೫೫೬ನ್ನು ಭಾರತಯುದ್ಧದಿಂದ ಕಳೆದ ವರ್ಷಗಳೊಡನೆ ಎಣಿಸಿ ಕೆತ್ತಿಸಿದನು. ಪಟ್ಟದಕಲ್ಲಿನ ಕಂಬದ ಶಾಸನವೊಂದರಲ್ಲಿ ಕ್ರಿ. ಶ. ೭೫೪ರ ಜೂನ್ ೨೫ರ ಸೂರ್ಯಗ್ರಹಣದ ನೆನಪು ಉಳಿದಿದೆ. ಇವು ಕಲ್ಲಿನ ದಾಖಲೆಗಳು. ಬೆಳಕನ್ನೇ ಬಿಡಿಸಿ ಓದುವ ಹೊಸ ವಿದ್ಯೆ ಇದೇ ಸೀಮೆಗೆ ಬಂದದ್ದು ಸಾವಿರದ ನೂರು ವರ್ಷಗಳ ತರುವಾಯ, ಮತ್ತೊಂದು ಗ್ರಹಣದ ನೆವದಿಂದ.

೧೮೬೮ನೆಯ ಆಗಸ್ಟ್ ೧೮ರ ಖಗ್ರಾಸ ಸೂರ್ಯಗ್ರಹಣದ ಪಥವು ದಕ್ಷಿಣ ಹಿಂದುಸ್ಥಾನದ ಮೇಲೆ ಹಾಯ್ದಿತ್ತು. ಅದನ್ನು ನೋಡಲು ಗುಂಟೂರು, ಮಚಲೀಪಟ್ಟಣಗಳಲ್ಲಿ ಬಿಡಾರಗಳು ಬಿದ್ದವು. ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಜಮಖಂಡಿಯಲ್ಲಿಯೂ ಒಂದು ಬಿಡಾರವಿದ್ದಿತು. ಅಲ್ಲಿಗೆ ಬಂದವನು ತ್ರಿಕೋನಮಿತಿ ಸರ್ವೆಯ ಲೆಫ್ಟೆನೆಂಟ್ ಜಾನ್ ಹರ್ಷೆಲ್. ಅವನ ಅಜ್ಜ ವಿಲಿಯಂ ಹರ್ಷೆಲನು ೨೫೦೦ ನೀಹಾರಿಕೆಗಳನ್ನೂ ತಾರಾಗುಚ್ಛಗಳನ್ನೂ ಪಟ್ಟಿ ಮಾಡಿದವನು; ತಂದೆಯು ೧೮೩೪ರಿಂದ ೧೮೩೮ರ ವರೆಗೆ ಆಫ್ರಿಕಾ ಖಂಡದ ದಕ್ಷಿಣದ ತುದಿಯಲ್ಲಿ ಕುಳಿತು ದಕ್ಷಿಣಾಕಾಶವನ್ನು ಶೋಧಿಸಿದವನು. ಮೊಮ್ಮಗನಿಗೆ ಲಂಡನ್ನಿನ ರಾಯಲ್ ಸೊಸಾಯಿಟಿಯು ದೂರದರ್ಶಕವನ್ನೂ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕವನ್ನೂ ಕೊಟ್ಟಿತ್ತು. ಶ್ರಾವಣದ ಮೋಡಗಳ ಸಂದಿನಲ್ಲಿ ಸಿಕ್ಕ ಅಲ್ಪ ಹೊತ್ತಿನಲ್ಲಿ ಅವನು ಸೂರ್ಯನ ಅಂಚಿನ ಜ್ವಾಲೆಯತ್ತ ಯಂತ್ರವನ್ನು ತಿರುಗಿಸಲು, ಕೆಂಪು, ಕಿತ್ತಳೆ, ನೀಲಿಯ ಮೂರು ಉಜ್ವಲ ಗೆರೆಗಳು ಕಂಡವು. ಬಿಡಿಗೆರೆಗಳೆಂದರೆ ಕಾದ ಅನಿಲದ ಗುರುತು. ಆದ್ದರಿಂದ ಆ ಜ್ವಾಲೆಯು ಅನಿಲವೆಂಬದು ಸ್ಥಿರಪಟ್ಟಿತು. ಅದೇ ಸುಮಾರಿನಲ್ಲಿ ಅವನು ಅದೇ ಬಗೆಯ ಸಲಕರಣೆಯಿಂದ ದಕ್ಷಿಣದ ನೀಹಾರಿಕೆಗಳ ಬೆಳಕನ್ನೂ ಪರೀಕ್ಷಿಸಿ ಸೊಸಾಯಿಟಿಗೆ ವರದಿ ಕಳಿಸಿದನು. ನಾಲ್ಕು ವರ್ಷಗಳ ಹಿಂದೆ, ೧೮೬೪ರಲ್ಲಿ, ವಿಲಿಯಂ ಹಗಿನ್ಸನು ನೀಹಾರಿಕೆಯೊಂದರಲ್ಲಿ ಇಂಥ ಗೆರೆಗಳನ್ನು ಮೊದಲು ಕಂಡಿದ್ದನು. ಅಜ್ಜನು ಎಣಿಸಿದ ವಸ್ತು ಏತರಿಂದಾದದ್ದೆಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವು ಹೀಗೆ ಮೊಮ್ಮಗನ ಪಾಲಿಗೂ ಬಂದಿತು.

ಕಣ್ಣಿಗೊಂದು ಕೊರತೆಯಿದೆ: ಅದು ಬೆಳಕನ್ನು ಕೂಡಿಡಲಾರದು. ಹತ್ತು ನಿಮಿಷ ದಿಟ್ಟಿಸಿದರೂ ಮಸುಕು ಮಸುಕಾಗಿಯೇ ಇರುವದು. ಛಾಯಾಚಿತ್ರದ ಗಾಜಿನ ಫಲಕವಾದರೋ ಹನಿಹನಿಯಾಗಿ ಬಿದ್ದ ಬೆಳಕನ್ನು ಕೂಡಿಸಿಕೊಳ್ಳುವದು. ೧೮೮೦ನೆಯ ಸೆಪ್ಟೆಂಬರ್ ೩೦ರಂದು ಅಮೇರಿಕೆಯ ಹೆನ್ರಿ ಡ್ರೇಪರನು ೫೧ ನಿಮಿಷಗಳ ವರೆಗೆ ಫಲಕವನ್ನು ತೆರೆದಿಟ್ಟು ಮಹಾವ್ಯಾಧದ ನೀಹಾರಿಕೆಯ ಮೊದಲ ಚಿತ್ರವನ್ನು ಪಡೆದನು. ೧೮೮೩ರಲ್ಲಿ ಇಂಗ್ಲಂಡದ ಆಂಡ್ರೂ ಕಾಮನ್‌ನು ೩೬ ಅಂಗುಲ ಕನ್ನಡಿಯ ದೂರದರ್ಶಕದಿಂದ ತೆಗೆದ ಚಿತ್ರದಲ್ಲಿ, ಎಂದೂ ಯಾವ ಕಣ್ಣಿಗೂ ಬೀಳದ ನಕ್ಷತ್ರಗಳು ಮೂಡಿದವು.

ಮುಂಬಯಿ ಇಲಾಖೆಯಲ್ಲಿ ಈ ವಿದ್ಯೆಗೆ ನೆಲೆ ಮಾಡಿಕೊಟ್ಟವರು ಕಾವಸಜಿ ದಾದಾಭಾಯಿ ನಾಯಗಾಂವವಾಲಾ ಅವರು. ಭಾವನಗರದ ಮಹಾರಾಜ ತಖ್ತಸಿಂಹಜಿಯವರ ದಾನಕ್ಕೆ ಸರಕಾರದ ಸಹಾಯವೂ ಸೇರಿ, ೧೮೮೮ರಲ್ಲಿ ಪುಣೆಯಲ್ಲಿ ವೇಧಶಾಲೆಯೊಂದು ಕಟ್ಟಲ್ಪಟ್ಟಿತು. ವಿಜಾಪುರ, ಧಾರವಾಡ, ಬೆಳಗಾಂವಿ ಜಿಲ್ಲೆಗಳು ಸೇರಿದ್ದ ಅದೇ ಇಲಾಖೆಯ ವೇಧಶಾಲೆ ಇದು. ನಾಯಗಾಂವವಾಲಾ ಅವರು ಮಹಾವ್ಯಾಧದ ನೀಹಾರಿಕೆಯ ಮುಖ್ಯವಾದ ಹಸಿರು ಗೆರೆಯನ್ನು ಪರೀಕ್ಷಿಸಿ, ಅದು ಎಲ್ಲ ಸಂದರ್ಭದಲ್ಲಿಯೂ ಚೂಪಾಗಿಯೇ ಇರುವದೆಂದು ತೋರಿಸಿದರು. ಆ ಗೆರೆಯು ಮ್ಯಾಗ್ನೇಸಿಯಂದೆಂದು ಹೇಳುತ್ತಿದ್ದ ಲಾಕಿಯರ್ ಎಂಬ ದೊಡ್ಡ ಪಂಡಿತನ ಮತಕ್ಕೆ ಇದು ವಿರುದ್ಧವಾಗಿತ್ತು. ಅದು ಅತಿ ವಿರಲವಾದ ಆಮ್ಲಜನಕದಿಂದ ಹುಟ್ಟುವದೆಂಬದು ಗೊತ್ತಾದದ್ದು ೧೯೨೭ರಲ್ಲಿ, ಐರಾ ಬೋವೆನ್ ಎಂಬವನ ಗಣಿತದಿಂದ. ನಾಯಗಾಂವವಾಲಾ ಅವರು ನಿವೃತ್ತರಾಗಲು, ೧೯೧೨ರಲ್ಲಿ ಪುಣೆಯ ವೇಧಶಾಲೆ ಮುಚ್ಚಿತು. ಅದರ ೨೦ ಅಂಗುಲದ ದೂರದರ್ಶಕವು ಕೊಡೈಕಾನಲ್ಲಿಗೆ ಹೋಯಿತು.

ಇಷ್ಟರಲ್ಲಿ ಕನ್ನಡ ನಾಡಿನಲ್ಲಿ ಮತ್ತೊಂದು ಬೆಳಕು ಹುಟ್ಟಿತ್ತು. ೧೯೦೨ರಲ್ಲಿ ಶಿವನಸಮುದ್ರದ ಜಲಪಾತದಿಂದ ಕೋಲಾರದ ಚಿನ್ನದ ಗಣಿಗಳಿಗೆ ೯೨ ಮೈಲುಗಳ ದೂರ ವಿದ್ಯುತ್ತು ಹರಿಯಿತು. ೧೯೦೫ನೆಯ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪವು ಹೊತ್ತಿತು. ಆ ದೀಪದಿಂದ ಆದ ಉಪಕಾರವನ್ನು ಅಲ್ಲಗಳೆಯುವವರು ಯಾರೂ ಇಲ್ಲ: ಓದುವ ಹುಡುಗನಿಗೆ, ಹೆರಿಗೆಯ ಮನೆಗೆ, ರಾತ್ರಿಯ ಮಗ್ಗಕ್ಕೆ ಅದು ದೇವರು ಕೊಟ್ಟಂತೆ ಬಂದಿತು. ಆದರೆ ದೀಪಗಳು ಹೆಚ್ಚಿದಂತೆ ಅವುಗಳ ಬೆಳಕಿನ ಒಂದು ಪಾಲು ನೆಲಕ್ಕೆ ಬೀಳದೆ ಮೇಲಕ್ಕೇರಿ, ಗಾಳಿಯೊಳಗಿನ ಧೂಳಿಗೂ ನೀರಿನ ಕಣಗಳಿಗೂ ತಾಗಿ, ಊರಿನ ಮೇಲೊಂದು ಮಂಕು ಬೆಳಕಿನ ಚಪ್ಪರವನ್ನು ಕಟ್ಟಿತು. ನೀಹಾರಿಕೆಯು ಆ ಚಪ್ಪರದಾಚೆ ಉಳಿಯಿತು.

ಇದರ ಪೆಟ್ಟು ಮೊದಲು ಬಿದ್ದದ್ದು ವೇಧಶಾಲೆಗಳಿಗೆ. ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳು ಸೇರಿದ್ದ ಹೈದರಾಬಾದ ಸಂಸ್ಥಾನದ ನಿಜಾಮಿಯಾ ವೇಧಶಾಲೆಯು ಇಡೀ ಆಕಾಶದ ಛಾಯಾಚಿತ್ರ ತೆಗೆಯುವ ಅಂತರರಾಷ್ಟ್ರೀಯ ಕಾರ್ಯದಲ್ಲಿ ಪಾಲುಗೊಂಡು ಲಕ್ಷಾಂತರ ನಕ್ಷತ್ರಗಳ ಸ್ಥಾನಗಳನ್ನು ಅಳೆದಿತ್ತು. ಬೇಗಂಪೇಟೆಯ ಸುತ್ತ ಶಹರ ಬೆಳೆಯಲು, ೧೯೬೮ರಲ್ಲಿ ೪೮ ಅಂಗುಲದ ಹೊಸ ದೂರದರ್ಶಕವನ್ನು ಊರಿಂದಾಚೆ ಜಪಾಲ–ರಂಗಾಪುರದಲ್ಲಿ ನಿಲ್ಲಿಸಬೇಕಾಯಿತು. ಅದೇ ನಿಜಾಮಿಯಾದ ಸಹಾಯಕರೊಬ್ಬರ ಮಗನಾಗಿ ೧೯೨೭ರಲ್ಲಿ ಹುಟ್ಟಿದ ವೇಣು ಬಾಪು ಅವರು ೧೯೬೦ರಲ್ಲಿ ಕೊಡೈಕಾನಲ್ಲಿನ ನಿರ್ದೇಶಕರಾದ ಮೇಲೆ, ನಕ್ಷತ್ರವೀಕ್ಷಣೆಗೆ ತಕ್ಕ ಕತ್ತಲೆಯನ್ನು ಹುಡುಕುತ್ತ ಜವಾದಿ ಬೆಟ್ಟಗಳ ಕಾವಲೂರನ್ನು ಆಯ್ದರು. ೧೯೭೧ರಲ್ಲಿ ಸ್ವಾಯತ್ತವಾದ ಭಾರತೀಯ ಖಭೌತ ಸಂಸ್ಥೆಯ ಮುಖ್ಯ ಕಾರ್ಯಾಲಯವು ಮುಂದೆ ಬೆಂಗಳೂರಲ್ಲಿ ನೆಲೆಸಿತು. ಆ ಸಂಸ್ಥೆಯವರೇ ಉಜ್ಜಿ ಹದಗೊಳಿಸಿದ ೯೩ ಅಂಗುಲದ ಕನ್ನಡಿಯ ದೂರದರ್ಶಕವು ೧೯೮೬ರಲ್ಲಿ ಕಾವಲೂರಿನಲ್ಲಿ ಕೆಲಸ ಮೊದಲುಮಾಡಿತು. ಅದನ್ನು ಕಾಣಲು ಬಾಪು ಅವರು ಉಳಿದಿರಲಿಲ್ಲ. ಅವರು ೧೯೮೨ರಲ್ಲಿ ತೀರಿಕೊಂಡಿದ್ದರು. ಮುಂದಿನ ಹೆಜ್ಜೆಯು ಲಡಾಖದ ಹಾನ್ಲೆಗೆ. ಸಮುದ್ರಮಟ್ಟದಿಂದ ೪೫೦೦ ಮೀಟರು ಎತ್ತರದಲ್ಲಿರುವ ಅಲ್ಲಿಯ ಎರಡು ಮೀಟರಿನ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಸಮೀಪದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮುಖಾಂತರ ನಡೆಸಲಾಗುತ್ತದೆ. ಮೊದಲು ಬೀದಿದೀಪ ಹಚ್ಚಿದ ನಗರದ ಮಗ್ಗುಲಲ್ಲಿ ಕುಳಿತವನು ನೀಹಾರಿಕೆಯನ್ನು ನೋಡಲು ಹಿಮಾಲಯದ ಕತ್ತಲೆಯನ್ನು ಎರವು ಪಡೆಯುವನು!

ದೊಡ್ಡ ಸಂಸ್ಥೆಗಳು ಬೆಟ್ಟವೇರಿದವು, ಗೃಹಸ್ಥನ ಗತಿಯೇನು? ಉದ್ಯೋಗವೂ ಮಕ್ಕಳ ಶಾಲೆಯೂ ಇರುವಲ್ಲಿಯೇ ಅವನು ಇರಬೇಕಷ್ಟೆ. ಅವನ ಸಹಾಯಕ್ಕೆ ಬಂದದ್ದು, ಮದುವೆ ಮುಂಜಿಗಳಲ್ಲಿ ಚಿತ್ರ ತೆಗೆಯುವ ಡಿ.ಎಸ್.ಎಲ್.ಆರ್. ಕ್ಯಾಮರಾ. ಗಾಜಿನ ಫಲಕದ ಸ್ಥಾನದಲ್ಲಿ ಇದರಲ್ಲಿ ಸಿಲಿಕಾನಿನ ಬಿಲ್ಲೆಯಿರುವದು. ಅದರ ಲಕ್ಷಾಂತರ ಸಣ್ಣ ಮನೆಗಳು ಬಿದ್ದ ಬೆಳಕನ್ನು ವಿದ್ಯುತ್ತಾಗಿ ಎಣಿಸುವವು. ಆದರೆ ನೀಹಾರಿಕೆಯ ಮುಖ್ಯ ಬಣ್ಣವು ಜಲಜನಕದ ಕಡುಗೆಂಪು. ಅದರ ಅಲೆಯ ಉದ್ದ ೬೫೬ ನಾನೋಮೀಟರು. ಮನುಷ್ಯರ ಮೈಬಣ್ಣವು ಚಿತ್ರದಲ್ಲಿ ಸಹಜವಾಗಿ ಬರಲೆಂದು ಕ್ಯಾಮರಾ ಮಾಡುವವರು ಬಿಲ್ಲೆಯ ಮುಂದೆ ಇಡುವ ಸೋಸುಗಾಜು ಈ ಕೆಂಪಿನ ಬಹುಪಾಲನ್ನು ತಡೆದುಬಿಡುವದು. ಆದಕಾರಣ ಹವ್ಯಾಸಿಗಳು ಆ ಗಾಜನ್ನು ತೆಗೆಸಿಹಾಕುವ ರೂಢಿ ಬಿದ್ದಿತು. ೨೦೦೫ರಲ್ಲಿ ಕ್ಯಾನನ್ ಸಂಸ್ಥೆಯು ಈ ಕೆಂಪನ್ನು ಒಳಬಿಡುವ ಕ್ಯಾಮರಾವನ್ನೇ ಮಾಡಿ ಮಾರಿತು.

ಊರ ಬೆಳಕಿನೊಡನೆ ಹೋರಾಡಲು ಅವರಿಗೆ ಎರಡು ಉಪಾಯಗಳಿವೆ. ಒಂದು, ಸೋಸುವದು. ಹಳೆಯ ಸೋಡಿಯಂ ದೀಪದ ಬೆಳಕು ಬಹುಪಾಲು ಹಳದಿಯ ಸುತ್ತ ೫೮೯ರ ಆಸುಪಾಸಿನಲ್ಲಿರುವದು; ಆಮ್ಲಜನಕದ ಹಸಿರು ೫೦೧ರಲ್ಲಿ, ಜಲಜನಕದ ಕೆಂಪು ೬೫೬ರಲ್ಲಿ. ಹಳದಿಯನ್ನು ತಡೆದು ಈ ಎರಡನ್ನು ಒಳಬಿಡುವ ಗಾಜನ್ನು ಮಸೂರಕ್ಕೆ ತೊಡಿಸಿದರೆ, ಜೊಳ್ಳು ಹಾರಿ ಕಾಳು ಉಳಿದಂತಾಗುವದು. ಮತ್ತೊಂದು, ಕೂಡಿಸುವದು. ಬೆಳಗಿದ ಆಕಾಶದಲ್ಲಿ ಡ್ರೇಪರನಂತೆ ೫೧ ನಿಮಿಷ ತೆರೆದಿಟ್ಟರೆ ಚಿತ್ರವೆಲ್ಲ ಬೆಳ್ಳಗಾಗಿಬಿಡುವದು. ಆದುದರಿಂದ ಅರ್ಧ ನಿಮಿಷ, ಒಂದು ನಿಮಿಷದ ನೂರಾರು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಒಂದರ ಮೇಲೊಂದು ಹೊಂದಿಸಿ ಸರಾಸರಿ ಮಾಡುವರು. ನೂರು ಚಿತ್ರಗಳನ್ನು ಕೂಡಿಸಿದರೆ ಕಾಳಿಗೂ ಜೊಳ್ಳಿಗೂ ಇರುವ ಪ್ರಮಾಣವು ಹತ್ತು ಪಟ್ಟು ಉತ್ತಮವಾಗುವದು.

ಆದರೆ ಈ ಲೆಕ್ಕದಲ್ಲಿಯೇ ಒಂದು ಕಠಿಣ ಸತ್ಯವಿದೆ. ಆಕಾಶವು ಹತ್ತು ಪಟ್ಟು ಬೆಳಗಿದ್ದರೆ, ಅದೇ ಗುಣದ ಚಿತ್ರಕ್ಕೆ ಹತ್ತು ಪಟ್ಟು ಹೊತ್ತು ಬೇಕು. ಕತ್ತಲೆಯ ಹಳ್ಳಿಯಲ್ಲಿ ಒಂದು ರಾತ್ರಿಯ ಕೆಲಸಕ್ಕೆ ನಗರದಲ್ಲಿ ಹತ್ತು ರಾತ್ರಿಗಳು. ಕಳೆದ ಕತ್ತಲೆಗೆ ಮನುಷ್ಯನು ತನ್ನ ಆಯುಷ್ಯದಿಂದಲೇ ಬೆಲೆ ತೆರಬೇಕಾಗುವದು. ಅದೂ ಈಗ ಮೊದಲಿನಷ್ಟು ಸುಲಭವಾಗಿಲ್ಲ. ೨೦೧೫ರಲ್ಲಿ ಆರಂಭವಾದ ರಾಷ್ಟ್ರೀಯ ಯೋಜನೆಯಂತೆ ಊರೂರುಗಳ ಬೀದಿಗಳಲ್ಲಿ ಎಲ್.ಇ.ಡಿ. ದೀಪಗಳು ಬಂದವು. ವಿದ್ಯುತ್ತಿನ ಉಳಿತಾಯವು ನಿಜ. ಆದರೆ ಅವುಗಳ ಬಿಳಿಯ ಬೆಳಕು ಎಲ್ಲ ಬಣ್ಣಗಳಲ್ಲಿಯೂ ಹರಡಿರುವದರಿಂದ ಹಳೆಯ ಸೋಸುಗಾಜು ಸೋಲುವದು. ಎರಡು ಗೆರೆಗಳಷ್ಟೇ ನುಸುಳುವಂಥ ಇಕ್ಕಟ್ಟಿನ ಗಾಜುಗಳನ್ನು ಹವ್ಯಾಸಿಗಳು ಕೊಳ್ಳಬೇಕಾಯಿತು. ನೀಹಾರಿಕೆಗೆ ಈ ಉಪಾಯವಾದರೂ ಉಂಟು. ಎಲ್ಲ ಬಣ್ಣಗಳಲ್ಲಿಯೂ ಬೆಳಗುವ ಆಕಾಶಗಂಗೆಗೆ ಅದೂ ಇಲ್ಲ.

೨೦೧೬ರಲ್ಲಿ ಪ್ರಕಟವಾದ ಜಗತ್ತಿನ ನಕಾಶೆಯೊಂದರ ಮೇರೆಗೆ, ಮಾನವಕುಲದ ಮೂರರಲ್ಲೊಂದು ಪಾಲಿಗೆ ಆಕಾಶಗಂಗೆಯು ಕಾಣಿಸದಾಗಿತ್ತು. ೨೦೧೧ರಿಂದ ೨೦೨೨ರ ವರೆಗೆ ಬಹುತರವಾಗಿ ಯುರೋಪ, ಉತ್ತರ ಅಮೇರಿಕೆಗಳ ಸಾಮಾನ್ಯ ಜನರು ನಕ್ಷತ್ರಗಳನ್ನೆಣಿಸಿ ಕಳಿಸಿದ ಲೆಕ್ಕದಿಂದ, ಅಲ್ಲಿಯ ಆಕಾಶದ ಬೆಳಕು ವರ್ಷಕ್ಕೆ ಶೇಕಡಾ ೯.೬ರಂತೆ ಏರಿದುದು ತಿಳಿದುಬಂದಿತು. ಈ ವೇಗದಲ್ಲಿ ಹೋದರೆ, ೨೫೦ ನಕ್ಷತ್ರಗಳು ಕಾಣುವ ಊರಿನಲ್ಲಿ ಹುಟ್ಟಿದ ಕೂಸಿಗೆ ಹದಿನೆಂಟು ತುಂಬುವಾಗ ಉಳಿಯುವವು ೧೦೦. ಬೇರೆ ನಷ್ಟಗಳು ಕಣ್ಣಿಗೆ ಕಾಣುವವು; ಇದು ಹಾಗಲ್ಲ. ಕಾಣದ ನಕ್ಷತ್ರವನ್ನು ಕಳೆದುಕೊಂಡೆನೆಂದು ಕೂಸಿಗೆ ಹೇಗೆ ತಿಳಿಯಬೇಕು?

ಹಾಗೆಂದು ದೀಪವನ್ನು ಆರಿಸಬೇಕೆಂದು ಬುದ್ಧಿವಂತರಾರೂ ಹೇಳರು. ೨೦೨೨ರ ದಿಸೆಂಬರದಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಕ್ಷೇತ್ರವೆಂದು ಸಾರಿದರು. ಅಲ್ಲಿಯ ಹಳ್ಳಿಗರು ದೀಪವಿಲ್ಲದೆ ಬಾಳುತ್ತಿಲ್ಲ. ದೀಪಕ್ಕೆ ಮೇಲೊಂದು ಮರೆಯಿರಬೇಕು, ಬೆಳಕು ನೆಲಕ್ಕೆ ಬೀಳಬೇಕು, ಬಣ್ಣವು ಬಿಳುಪಿಗಿಂತ ಬೆಚ್ಚಗಿರಬೇಕು, ಜನಸಂಚಾರವಿಲ್ಲದ ಹೊತ್ತಿನಲ್ಲಿ ಅದು ತಗ್ಗಬೇಕು, ಇಷ್ಟೇ ಕಟ್ಟಳೆ. ಇದಕ್ಕೆ ಹಿಮಾಲಯ ಬೇಡ; ಒಂದು ಪಟ್ಟಣ ಪಂಚಾಯತಿಯ ಮನಸ್ಸು ಸಾಕು. ಮೇಲಕ್ಕೆ ಹೋಗುವ ಬೆಳಕಿನಿಂದ ದಾರಿಹೋಕನಿಗೆ ಉಪಯೋಗವಿಲ್ಲ, ಅದರ ಹಣ ಮಾತ್ರ ಊರಿನದು.

ಕಮತಗಿಯಂಥ ಊರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ಸುಮಾರು ೧೬ ಅಂಶಗಳ ಉತ್ತರ ಅಕ್ಷಾಂಶದಲ್ಲಿರುವ ಇಲ್ಲಿಂದ ಮಹಾವ್ಯಾಧನೂ ಎತ್ತರಕ್ಕೆ ಬರುವನು. ಲಂಡನ್ನಿನವರಿಗೆ ಎಂದೂ ಉದಯಿಸದ ದಕ್ಷಿಣದ ಕರೀನಾ ನೀಹಾರಿಕೆಯೂ ವಸಂತದ ರಾತ್ರಿಗಳಲ್ಲಿ ದಿಗಂತದಿಂದ ೧೪ ಅಂಶ ಮೇಲೇಳುವದು. ಇದನ್ನು ನೋಡಲೆಂದೇ ಹಿರಿಯ ಜಾನ್ ಹರ್ಷೆಲನು ಹೆಂಡತಿ ಮಕ್ಕಳೊಡನೆ ಹಡಗು ಹತ್ತಿದನು. ಮಲಪ್ರಭೆಯ ಸೀಮೆಯ ಹುಡುಗನು ಪೇಟೆಯ ದೀಪಗಳನ್ನು ಹಿಂದೆ ಬಿಟ್ಟು ಹೊಲದ ಬದುವಿನ ವರೆಗೆ ನಡೆದರೆ ಸಾಕು. ಅವನು ನಡೆದುಹೋಗುವ ವರೆಗೆ ಆ ಕತ್ತಲೆಯು ಅಲ್ಲಿ ಉಳಿದಿರುವದೋ ಇಲ್ಲವೋ ಎಂಬದು ಹಿರಿಯರು ಇಂದು ಬೀದಿಯಲ್ಲಿ ಎಂಥ ದೀಪವನ್ನು ನೆಡುವರೆಂಬದರ ಮೇಲೆ ನಿಂತಿದೆ.