ಜೋಡು ಪಿಸ್ತೂಲಿನ ಪೆಟ್ಟಿಗೆಯೂ ಹಲಗಲಿಯ ಬಂದೂಕೂ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಗುರಿಯ ಅಭ್ಯಾಸಕ್ಕೆಂದು ಮಾಡಿದ ಪಿಸ್ತೂಲುಗಳನ್ನು ಜೋಡಿಯಾಗಿ ಪೆಟ್ಟಿಗೆಯಲ್ಲಿರಿಸಿ ಮಾರುವ ವಾಡಿಕೆಯಿದ್ದಿತು. ಪ್ಯಾರಿಸಿನ ಲೆಪಾಜ್, ಗಾಸ್ಟಿನ್ ರೆನೆಟ್ ಮುಂತಾದವರು ಈ ಕಸುಬಿನಲ್ಲಿ ಹೆಸರಾದವರು. ಪೆಟ್ಟಿಗೆಯನ್ನು ತೆರೆದರೆ ಒಳಗೆ ಎಂಟು ಮೂಲೆಯ ನಳಿಗೆಗಳುಳ್ಳ ಎರಡು ಪಿಸ್ತೂಲು, ಮದ್ದಿನ ಕುಪ್ಪಿ, ಗುಂಡು ಎರೆಯುವ ಅಚ್ಚು, ಗಜ, ಕೇಪಿನ ಡಬ್ಬಿ. ಇಂಗ್ಲಿಷರು ಪೆಟ್ಟಿಗೆಯಲ್ಲಿ ಚೌಕದ ಗೂಡುಗಳನ್ನು ಮಾಡಿದರೆ, ಫ್ರೆಂಚರು ಒಂದೊಂದು ವಸ್ತುವಿನ ಆಕಾರಕ್ಕೆ ತಕ್ಕಂತೆ ತಗ್ಗು ತೆಗೆಯುತ್ತಿದ್ದರು.

ಇವುಗಳಲ್ಲಿ ಅತ್ಯಂತ ಚಿಕ್ಕದು ಕೇಪು. ಇತಿಹಾಸಕ್ಕೆ ಮುಖ್ಯವಾದುದೂ ಅದೇ. ಚಕಮಕಿ ಬಂದೂಕಿನ ಕಿಡಿಯನ್ನು ಕಂಡು ಹಕ್ಕಿಗಳು ಗುಂಡು ತಲಪುವ ಮೊದಲೇ ಹಾರಿಹೋಗುತ್ತಿದ್ದುದರಿಂದ ಬೇಸತ್ತ ಫೋರ್ಸೈತನೆಂಬ ಸ್ಕಾಟ್ಲೆಂಡಿನ ಪಾದ್ರಿಯು, ಪೆಟ್ಟಿನಿಂದಲೇ ಸಿಡಿಯುವ ಮದ್ದನ್ನು ಬಂದೂಕಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರವನ್ನು ಪಡೆದನು. ಮುಂದೆ ಆ ಮದ್ದು ತಾಮ್ರದ ಪುಟ್ಟ ಟೊಪ್ಪಿಗೆಯೊಳಗೆ ಸೇರಿತು. 1840ರ ಸುಮಾರಿಗೆ ಬ್ರಿಟಿಷ್ ಸೈನ್ಯವೂ ಚಕಮಕಿಯನ್ನು ಬಿಟ್ಟು ಕೇಪನ್ನು ಹಿಡಿಯತೊಡಗಿತು.

ನಮ್ಮ ಕಡೆಯ ಜಾಮಗಿ ಬಂದೂಕಿನ ಸಂಗತಿಯೇ ಬೇರೆ. ಪೆಟ್ಲುಪ್ಪು, ಗಂಧಕ, ಇದ್ದಲುಗಳಿಂದ ಮದ್ದನ್ನು ಅರೆಯಬಹುದು. ಸೀಸದಿಂದ ಗುಂಡನ್ನು ಎರೆಯಬಹುದು. ನೂಲಿನಿಂದ ಜಾಮಗಿಯನ್ನು ಹೊಸೆಯಬಹುದು. ಅದು ಊರಿನ ಬಂದೂಕು. ಪಾದರಸದ ಸ್ಫೋಟಕವನ್ನು ತುಂಬಿದ ಕೇಪಾದರೋ ಕಮ್ಮಾರಸಾಲೆಯಲ್ಲಿ ಹುಟ್ಟುವಂಥದಲ್ಲ. ಅದನ್ನು ಮಾರುವವನ ಕೈಯಲ್ಲಿಯೇ ಬಂದೂಕಿನ ಪ್ರಾಣವೂ ಇರುವುದು. ಗೋಕಾವಿಯ ಗೊಂಬೆ ಮಾಡುವ ಕುಶಲಿಗಳು ಫ್ರೆಂಚರ ಪೆಟ್ಟಿಗೆಯನ್ನೂ ನಾಚಿಸುವಂತೆ ಕಟ್ಟಿಗೆಯನ್ನು ಕೆತ್ತಿಯಾರು, ಆದರೆ ಕೇಪನ್ನು ಮಾತ್ರ ಮಾಡಲಾರರು!

1857ರಲ್ಲಿ ಸರಕಾರವು ಆಯುಧಗಳ ಮೇಲೆಯೂ ಮದ್ದುಗುಂಡುಗಳ ಮೇಲೆಯೂ ಕಾಯಿದೆಯನ್ನು ಹೊರಡಿಸಿತು. ಹುಕ್ಕೇರಿ, ಗೋಕಾಕ, ಮೂಡಲಗಿಗಳ ಸೀಮೆಗೆ ನೀರುಣಿಸುವ ಘಟಪ್ರಭೆಯು ಕೆಳಗೆ ಮುಧೋಳದತ್ತ ಹರಿಯುತ್ತದೆ. ಅಂದು ಘೋರ್ಪಡೆಯವರ ಸಂಸ್ಥಾನವಾಗಿದ್ದ ಆ ಮುಧೋಳಕ್ಕೆ ಸೇರಿದ ಹಲಗಲಿಯ ಬೇಡರಿಗೆ ಬಂದೂಕೆಂದರೆ ಗುರಿಯಾಟದ ವಿನೋದವಲ್ಲ. ಬೇಟೆಯೂ ಅದರಿಂದಲೇ, ಮಾನವೂ ಅದರಿಂದಲೇ. ಅವರು ಆಯುಧಗಳನ್ನು ಒಪ್ಪಿಸಲಿಲ್ಲ. ನವೆಂಬರ ಕೊನೆಗೆ ಕರ್ನಲ್ ಮಾಲ್ಕಮನ ದಂಡು ಊರನ್ನು ಮುತ್ತಿ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ 11ರಂದು ಮುಧೋಳದಲ್ಲಿಯೂ 6 ಜನರನ್ನು 14ರಂದು ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಮುಂದೆ 1878ರ ಕಾಯಿದೆಯ ಕಾಲದಲ್ಲಿ ಯುರೋಪಿಯನರಿಗೂ ಕೆಲವು ಮಾನ್ಯರಿಗೂ ವಿನಾಯಿತಿ ದೊರೆಯಿತು. ಹೀಗೆ ವಿನೋದದ ಪಿಸ್ತೂಲು ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿಯಿತು, ಹೊಟ್ಟೆಯ ಬಂದೂಕು ಹೋಯಿತು. ಇದನ್ನು ಶಾಂತಿಪಾಲನೆಯೆಂದು ಕರೆದ ಬರಹಗಾರರೊಡನೆ ನನಗೆ ಸಮ್ಮತಿಯಿಲ್ಲ.

ಹಲಗಲಿಯ ಲಾವಣಿಯನ್ನು ಸಂಗ್ರಹಿಸಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಅಚ್ಚು ಮಾಡಿಸಿದವರು ಮುಂಬಯಿ ಸರಕಾರದ ಅಧಿಕಾರಿಗಳೇ ಆಗಿದ್ದ ಫ್ಲೀಟ್ ಸಾಹೇಬರು. ಜೋಡು ಪಿಸ್ತೂಲಿನ ಪೆಟ್ಟಿಗೆಗೆ ಬೆಲೆ ಕಟ್ಟುವವರು ಇಂದಿಗೂ ಅದರೊಳಗಿನ ವಸ್ತುಗಳನ್ನು ಒಂದೊಂದಾಗಿ ಎಣಿಸುತ್ತಾರೆ. ಲಾವಣಿಕಾರನೂ ಎಣಿಸಿದ್ದಾನೆ. ಆದರೆ ಅವನ ಪಟ್ಟಿಯಲ್ಲಿರುವುದು ಆ ಊರಿನ ಮನೆಗಳಿಂದ ದಂಡಿನವರು ದೋಚಿದ ಹಾಲು ಮೊಸರು, ಉಪ್ಪು ಎಣ್ಣೆ, ಹೆಂಗಸರ ತಾಳಿ, ಬೀಸುವ ಕಲ್ಲು.