ಚೆಸ್ಟ್‌ನಟ್ ಮರದಡಿಯ ಕವಿಗೋಷ್ಠಿ

ಹೈಕು ಎಂಬ 17 ಅಕ್ಷರಗಳ ಜಪಾನೀ ಕಿರುಪದ್ಯವು ಏಕಾಂತದ ಫಲವೆಂಬುದು ನಮ್ಮಲ್ಲಿ ರೂಢಮೂಲವಾದ ಭಾವನೆ. ಚರಿತ್ರೆಯ ಸಾಕ್ಷ್ಯವಾದರೋ ಬೇರೆಯಾಗಿದೆ. ಈ ಪದ್ಯಜಾತಿ ಬೆಳೆದುದು ಗೋಷ್ಠಿಯಲ್ಲಿ. ಅತಿಥಿ ಆತಿಥೇಯರ ಸಲ್ಲಾಪದಲ್ಲಿ. 1689ರ ಬೇಸಗೆಯಲ್ಲಿ ಉತ್ತರ ಜಪಾನಿನ ಸುಕಾಗಾವಾದಲ್ಲಿ ನೆರೆದ ಕೂಟವೊಂದು ಇದಕ್ಕೆ ನಿದರ್ಶನ.

ಆ ವರ್ಷ ಮಹಾಕವಿ ಬಾಶೋ ತನ್ನ ಶಿಷ್ಯ ಸೋರನೊಡನೆ ಎಡೋ ನಗರದಿಂದ, ಎಂದರೆ ಇಂದಿನ ಟೋಕಿಯೋದಿಂದ, ಕಾಲುನಡಿಗೆಯಲ್ಲಿ ಹೊರಟು, ಶಿರಾಕಾವಾ ಗಡಿಯನ್ನು ದಾಟಿ, ಜೂನ್ 9ರಂದು ಸುಕಾಗಾವಾಕ್ಕೆ ಬಂದನು. ಹೆದ್ದಾರಿಯ ಆ ತಂಗುದಾಣದ ಮುಖ್ಯಸ್ಥನೂ ಸ್ವತಃ ಕವಿಯೂ ಆದ ತೋಕ್ಯೂ ಅವನ ಹಳೆಯ ಪರಿಚಿತ. ಭತ್ತದ ನಾಟಿಯ ಕಾಲವದು. ನಾಟಿಯ ಹಾಡನ್ನೇ ವಸ್ತುವಾಗಿಸಿಕೊಂಡು ಬಾಶೋ ಮೊದಲ ಪದ್ಯವನ್ನು ನುಡಿದನು. ಕಿತ್ತು ತಂದ ಕಾಡುಹಣ್ಣನ್ನೇ ತನ್ನ ಸತ್ಕಾರವೆಂದು ತೋಕ್ಯೂ ತನ್ನ ಪದ್ಯದಲ್ಲಿ ಉತ್ತರವಿತ್ತನು. ಮೂರನೆಯದು ಸೋರನದು. ಹೀಗೆ 36 ಪದ್ಯಗಳ ಮಾಲೆಯೊಂದು ಕೂಡಿಬರುವುದೇ ಆ ಕಾಲದ ಪದ್ಧತಿ. ಋತುವನ್ನು ಸೂಚಿಸುವ ಮೊದಲ ಪದ್ಯ ಅತಿಥಿಯದು. ಅದನ್ನು ಆದರಿಸುವ ಎರಡನೆಯದು ಆತಿಥೇಯನದು. ನಮ್ಮ ಸಮಸ್ಯಾಪೂರಣದಲ್ಲಿ ಮೆರೆಯುವುದು ಒಬ್ಬನ ಚಾತುರ್ಯ. ಇಲ್ಲಿಯಾದರೋ ಪ್ರತಿಯೊಬ್ಬನೂ ಮುಂದಿನವನಿಗೆ ಎಡೆಗೊಡಬೇಕು.

ತೋಕ್ಯೂವಿನ ಮನೆಯ ಸಮೀಪದಲ್ಲಿ, ದೊಡ್ಡದೊಂದು ಚೆಸ್ಟ್‌ನಟ್ ಮರದ ನೆರಳಿನಲ್ಲಿ, ಕಾಶಿನ್ ಎಂಬ ವಿರಕ್ತನ ಕುಟೀರವಿದ್ದಿತು. ಜೂನ್ 11ರಂದು ಕವಿಗಳು ಅಲ್ಲಿ ನೆರೆದರು. ಸೋರನ ದಿನಚರಿಯು ಆ ದಿನವನ್ನು ಲೆಕ್ಕದ ಪುಸ್ತಕದಷ್ಟೇ ಮಿತವಾದ ಮಾತುಗಳಲ್ಲಿ ದಾಖಲಿಸಿದೆ: ಯಜಮಾನನ ಗದ್ದೆಯ ನಾಟಿ, ಮಧ್ಯಾಹ್ನದ ಮೇಲೆ ಕುಟೀರದಲ್ಲಿ ಕೂಟ, ಸೋಬಾ ಶಾವಿಗೆಯ ಊಟ, ಗುಡುಗುಮಳೆ, ಸಂಜೆಗೆ ಹೊಳವು. ಚೆಸ್ಟ್‌ನಟ್ ಹೂ ಕಣ್ಸೆಳೆಯುವಂಥದಲ್ಲ. ಆ ಮರೆಯ ಮನೆಯನ್ನೂ ಮೆರೆಯದ ಹೂವನ್ನೂ ಒಂದುಗೂಡಿಸಿ ಬಾಶೋ ಗೃಹಸ್ವಾಮಿಯನ್ನು ವಂದಿಸಿದನು. ಹುಲ್ಲುಹೂವಿನ ಮೇಲೆ ಅಪರೂಪಕ್ಕೆ ಬಂದು ಕೂರುವ ಮಿಂಚುಹುಳುವನ್ನು ಕಾಶಿನ್ ತನ್ನ ಉತ್ತರದಲ್ಲಿ ತಂದನು. ಅತಿಥಿಗೆ ಇದಕ್ಕಿಂತ ವಿನಯದ ಸ್ವಾಗತ ಇನ್ನಾವುದು?

ಗಮನಾರ್ಹವಾದ ಸಂಗತಿ ಮುಂದಿನದು. ಈ ಪ್ರವಾಸವನ್ನು ಕುರಿತ ಬಾಶೋವಿನ ಗ್ರಂಥವು ಅವನ ಮರಣಾನಂತರ, 1702ರಲ್ಲಿ, ಅಚ್ಚಾಯಿತು. ಅದರಲ್ಲಿ ಈ ಪದ್ಯ ರೂಪಾಂತರ ಹೊಂದಿದೆ. ಮರೆಯ ಮನೆಯ ಮಾತು ಅಳಿದು, ಆ ಹೂವನ್ನು ಕಾಣದ ಲೋಕದ ಜನರ ಮಾತು ಬಂದಿದೆ. ವಿರಕ್ತನ ವರ್ಣನೆ ಪಕ್ಕದ ಗದ್ಯದಲ್ಲಿ ಉಳಿದಿದೆಯಾದರೂ ಅವನ ಹೆಸರಾಗಲಿ ಉತ್ತರವಾಗಲಿ ಅಲ್ಲಿಲ್ಲ. ಮೊಗಾಮಿ ನದಿಯ ದಡದ ಓಯಿಶಿದಾದಲ್ಲಿಯೂ ಹೀಗೆಯೇ ಆಯಿತು. ಆತಿಥೇಯನ ಮನೆಯಲ್ಲಿ ನದಿಯ ತಂಪನ್ನು ಹೊಗಳಿದ್ದ ಪದ್ಯ, ಗ್ರಂಥದಲ್ಲಿ ಅದರ ವೇಗವನ್ನು ಹೇಳುತ್ತದೆ. ತಂಪು ಮನೆಯೊಡೆಯನಿಗೆ ಸಲ್ಲಿಸಿದ ಉಪಚಾರ. ವೇಗ ಎಲ್ಲ ಕಾಲದ ಓದುಗರಿಗೆ ಸಲ್ಲುವ ಕಾವ್ಯ.

1890ರ ದಶಕದಲ್ಲಿ ಮಸಾವೋಕಾ ಶಿಕಿ ಈ ಮೊದಲ ಪದ್ಯವನ್ನು ಮಾಲೆಯಿಂದ ಬಿಡಿಸಿ ಸ್ವತಂತ್ರ ಕಾವ್ಯವೆಂದು ಸ್ಥಾಪಿಸಿದನು. ಹೈಕು ಎಂಬ ಹೆಸರು ನೆಲೆಗೊಂಡುದೂ ಆಗಲೇ. ಜಗತ್ತಿಗೆ ಅದರಿಂದ ಲಾಭವೇ ಆಯಿತು. ಆದರೆ ಲಾಭದ ಎದುರಿಗೆ ನಷ್ಟವನ್ನೂ ಬರೆದುಕೊಳ್ಳಬೇಕು. ಅತಿಥಿಯ ಮಾತು ಉಳಿದು ಆತಿಥೇಯನ ಮರುಮಾತು ಮರೆಯಾಯಿತು.

1943ರಲ್ಲಿ ಸೋರನ ದಿನಚರಿ ಪ್ರಕಟವಾದ ಮೇಲೆ ಆ ದಿನಗಳ ಲೆಕ್ಕ ಸ್ಪಷ್ಟವಾಯಿತು. ಸುಕಾಗಾವಾದಲ್ಲಿ ನಾಲ್ಕೈದು ದಿನ ತಂಗಿದುದಾಗಿ ಬಾಶೋ ಬರೆದಿದ್ದಾನೆ; ದಿನಚರಿಯ ಪ್ರಕಾರ ಅವರು ಅಲ್ಲಿ ಕಳೆದುದು ಏಳು ರಾತ್ರಿಗಳು. ಮಹಾಕವಿಯ ಕೃತಿಯಲ್ಲಿ ಸ್ಥಳವಿಲ್ಲದ ಆ ಊಟ, ಆ ಮಳೆ, ಆ ಸಂಜೆಯ ಹೊಳವು ಶಿಷ್ಯನ ಶುಷ್ಕವಾದ ಟಿಪ್ಪಣಿಯಲ್ಲಿ ಬದುಕಿವೆ. ಒಂದು ಹೂವಿನ ಹಿಂದೆ ಒಂದು ಮರವೂ, ಮರದ ನೆರಳಿನಲ್ಲಿ ಹಲವರೂ ಇದ್ದರೆಂಬುದಕ್ಕೆ ಅದೇ ಸಾಕ್ಷಿ.