ಡೊಂಕು ಸಸಿಯೂ ನಗುಮುಖಗಳೂ

ಆರ್ಥೋಪೀಡಿಕ್ಸ್ ಎಂದೊಡನೆ ನಮಗೆ ನೆನಪಾಗುವುದು ಮುರಿದ ಕಾಲು, ಹಿಟ್ಟಿನ ಕಟ್ಟು, ಮುಪ್ಪಿನ ಮಂಡಿನೋವು. ಆದರೆ ಈ ಮಾತಿನ ಹೊಟ್ಟೆಯಲ್ಲಿ ಒಂದು ಮಗುವಿದೆ. ೧೭೪೧ರಲ್ಲಿ ಪ್ಯಾರಿಸಿನ ವೈದ್ಯ ನಿಕೊಲಾ ಆಂದ್ರಿ ‘ನೆಟ್ಟಗೆ’, ‘ಮಗು’ ಎಂಬರ್ಥದ ಎರಡು ಗ್ರೀಕ್ ಶಬ್ದಗಳನ್ನು ಬೆಸೆದು ತನ್ನ ಗ್ರಂಥಕ್ಕೆ ಹೆಸರಿಟ್ಟ. ಗೂಟಕ್ಕೆ ಹಗ್ಗದಿಂದ ಬಿಗಿದ ಡೊಂಕು ಸಸಿಯ ಚಿತ್ರ ಅದರಲ್ಲಿದೆ. ಎಲುಬಿನ ವೈದ್ಯರ ಲಾಂಛನ ಇಂದಿಗೂ ಅದೇ. ಸಸಿಗೆ ಬಾಯಿಲ್ಲ, ಬಿಗಿಯುವವನು ಅದನ್ನು ಕೇಳಬೇಕಾದ್ದೂ ಇಲ್ಲ. ಮಕ್ಕಳ ಬೆನ್ನನ್ನು ತಿದ್ದಿದವರೂ ಬಹುಕಾಲ ಹೀಗೆಯೇ ನಡೆದುಕೊಂಡರೆಂದು ನನಗೆ ತೋರುತ್ತದೆ.

ಬೆನ್ನೆಲುಬು ಪಕ್ಕಕ್ಕೆ ಬಾಗುವ ವ್ಯಾಧಿಯನ್ನು ಸ್ಕೋಲಿಯೋಸಿಸ್ ಎನ್ನುತ್ತಾರೆ. ೧೯೬೨ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಪಾಲ್ ಹ್ಯಾರಿಂಗ್ಟನ್, ಪೋಲಿಯೊದಿಂದ ಬೆನ್ನು ಬಾಗಿದ ಮಕ್ಕಳಿಗೆ ಉಕ್ಕಿನ ಸರಳನ್ನು ಅಳವಡಿಸಿದ ವಿಧಾನವನ್ನು ಪ್ರಕಟಿಸಿದ. ಆದರೆ ಬೆಳೆಯುವ ಮಗುವಿಗೆ ಬೆಳೆಯದ ಸರಳು ಸಾಲದು. ಸುಮಾರು ಆರು ತಿಂಗಳಿಗೊಮ್ಮೆ ಬೆನ್ನನ್ನು ಮತ್ತೆ ಕೊಯ್ದು ಸರಳನ್ನು ಉದ್ದ ಮಾಡುವ ಕ್ರಮ ಮುಂದೆ ಬಂದಿತು. ಒಂದು ಬಾಲ್ಯದಲ್ಲಿ ಎಷ್ಟು ಶಸ್ತ್ರಕ್ರಿಯೆಗಳು!

ಇದನ್ನು ತಪ್ಪಿಸಿದ್ದು ಅಯಸ್ಕಾಂತ. ಸರಳಿನೊಳಗೊಂದು ಪುಟ್ಟ ಅಯಸ್ಕಾಂತವಿರುತ್ತದೆ. ಮಗುವನ್ನು ಬೋರಲು ಮಲಗಿಸಿ, ಬೆನ್ನ ಮೇಲೆ ಯಂತ್ರವೊಂದನ್ನು ಹಿಡಿದರೆ ಒಳಗಿನದು ತಿರುಗಿ, ಸರಳು ಕೆಲವು ಮಿಲಿಮೀಟರು ಬೆಳೆಯುತ್ತದೆ. ೨೦೧೨ರಲ್ಲಿ ಹಾಂಗ್‌ಕಾಂಗಿನ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದರ ಫಲವನ್ನು ವರದಿ ಮಾಡಿದರು. ಕೊಯ್ತವಿಲ್ಲ, ಅರಿವಳಿಕೆಯಿಲ್ಲ. ಅರಿವಳಿಕೆಯಿಲ್ಲ ಎಂದರೆ ಮಗು ಎಚ್ಚರವಾಗಿದೆ. ಹಿಂದೆ ಸರಳು ಬೆಳೆಯುವಾಗ ಮಗು ನಿದ್ರೆಯಲ್ಲಿರುತ್ತಿತ್ತು. ಈಗ ಅದನ್ನು ಕೇಳಲೇಬೇಕು: ನೋಯುತ್ತಿದೆಯೆ, ಎಷ್ಟು?

ಮಗುವನ್ನು ಕೇಳುವುದು ವೈದ್ಯಶಾಸ್ತ್ರಕ್ಕೆ ತಡವಾಗಿ ಬಂದ ಬುದ್ಧಿ. ೧೯೮೦ರ ದಶಕದ ಮೊದಲ ವರ್ಷಗಳಲ್ಲಿಯೂ ಎಷ್ಟೋ ಕಡೆ ನವಜಾತ ಶಿಶುಗಳಿಗೆ ಸ್ನಾಯುಗಳನ್ನು ಸಡಿಲಿಸುವ ಮದ್ದನ್ನು ಕೊಟ್ಟು, ನೋವಿಗೆ ತಕ್ಕ ಮದ್ದಿಲ್ಲದೆ ಶಸ್ತ್ರಕ್ರಿಯೆ ನಡೆಸುತ್ತಿದ್ದರು. ಕೈಕಾಲು ಆಡಿಸಲಾರದ ಶಿಶು ಅಳುವುದಾದರೂ ಹೇಗೆ? ಇಂದೋರಿನಲ್ಲಿ ವೈದ್ಯಕೀಯ ಓದಿ ಆಕ್ಸ್‌ಫರ್ಡಿಗೆ ಹೋದ ಕೆ. ಜೆ. ಎಸ್. ಆನಂದ್ ಅವರು ೧೯೮೭ರಲ್ಲಿ, ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಫೆಂಟನಿಲ್ ಎಂಬ ನೋವುನಿವಾರಕವನ್ನು ಕೊಟ್ಟರೆ ಶಸ್ತ್ರಕ್ರಿಯೆಯ ಆಘಾತ ತಗ್ಗುತ್ತದೆಂದು ತೋರಿಸಿದ ಮೇಲೆ ಹಳೆಯ ನಂಬಿಕೆ ಕದಲಿತು.

ಮಾತು ಬಲ್ಲ ಮಕ್ಕಳಿಗಾಗಿ ಬೇರೆ ದಾರಿಯನ್ನು ಹುಡುಕಲಾಗಿತ್ತು. ೧೯೮೧ರಲ್ಲಿ ಅಮೆರಿಕದ ಟಲ್ಸಾ ನಗರದ ಸುಟ್ಟಗಾಯದ ವಾರ್ಡಿನಲ್ಲಿ ಡೋನಾ ವಾಂಗ್, ಕಾನಿ ಬೇಕರ್ ಎಂಬಿಬ್ಬರು, ಬರಿಯ ವೃತ್ತಗಳೊಳಗೆ ನೋವಿನ ಮುಖ ಬರೆಯಿರೆಂದು ಮಕ್ಕಳಿಗೇ ಹೇಳಿದರು. ಆರು ಮುಖಗಳ ಸಾಲು ಹುಟ್ಟಿದ್ದು ಹಾಗೆ: ಒಂದು ತುದಿಯಲ್ಲಿ ನಗು, ಇನ್ನೊಂದು ತುದಿಯಲ್ಲಿ ಕಣ್ಣೀರು. ಸೊಗಸಾದ ಉಪಾಯವೇ ಸರಿ. ಆದರೆ ನೋವಿಲ್ಲದವರೆಲ್ಲ ನಗುತ್ತಾರೆಯೆ? ಆಸ್ಪತ್ರೆಯ ಹೆದರಿಕೆಗೇ ಅಳುವ ಮಗು ಯಾವ ಮುಖವನ್ನು ತೋರಿಸಬೇಕು? ಈ ತೊಡಕು ತಿಳಿದವರು ನಗುವನ್ನೂ ಕಣ್ಣೀರನ್ನೂ ಬಿಟ್ಟು ೧೯೯೦ರಲ್ಲಿ ಆಸ್ಟ್ರೇಲಿಯದಲ್ಲಿ ಇನ್ನೊಂದು ಸಾಲನ್ನು ರಚಿಸಿದರು. ೨೦೦೧ರಲ್ಲಿ ಅದು ಪರಿಷ್ಕೃತವಾಯಿತು. ಹಲವು ಶಸ್ತ್ರಕ್ರಿಯೆಗಳನ್ನು ಕಂಡ ಬೆನ್ನಿನ ಮಗುವಿಗೆ ಇದೇ ಹೆಚ್ಚು ನ್ಯಾಯವೆಂದು ನನ್ನ ಎಣಿಕೆ. ಯಂತ್ರ ಹತ್ತಿರ ಬರುವ ಮೊದಲೇ ಅದು ಅಂಜಿರುತ್ತದೆ. ಆದ್ದರಿಂದ ಮೊದಲು, ನಡುವೆ, ಆಮೇಲೆ ಎಂದು ಮೂರು ಸಲ ಕೇಳಿದರೆ ಮಾತ್ರ ಅಂಜಿಕೆಯಿಂದ ನೋವನ್ನು ಬೇರ್ಪಡಿಸಲು ಸಾಧ್ಯ.

ಕನ್ನಡದ ಮೇಷ್ಟರಿಗೆ ಇನ್ನೊಂದು ಆಸೆ. ೧೯೭೫ರಲ್ಲಿ ಕೆನಡದ ರೊನಾಲ್ಡ್ ಮೆಲ್ಜಾಕ್ ನೋವನ್ನು ಬಣ್ಣಿಸುವ ೭೮ ಇಂಗ್ಲಿಷ್ ಶಬ್ದಗಳನ್ನು ಪಟ್ಟಿಮಾಡಿದ. ನಮ್ಮ ಮಕ್ಕಳ ಬಾಯಲ್ಲಿಯೂ ಇಂಥವು ಬೇಕಾದಷ್ಟಿವೆ: ಸೆಳೆತ, ಹಿಡಿತ, ಉರಿ, ಚಳುಕು, ಜೋಮು. ಸರಳು ಬೆಳೆಯುವಾಗ ಬೆನ್ನು ‘ಹಿಡಿದ ಹಾಗಿದೆ’ ಎಂದರೆ ವೈದ್ಯರು ತುಸು ಕಾಯಬಹುದು. ಕಾಲು ‘ಜೋಮು ಹಿಡಿಯಿತು’ ಎಂದರೆ ನರಕ್ಕೆ ಏನಾಯಿತೆಂದು ಒಡನೆಯೇ ನೋಡಬೇಕು. ಎರಡನ್ನೂ ‘ನೋವು, ನಾಲ್ಕು’ ಎಂದು ಬರೆದುಕೊಂಡರೆ ವ್ಯತ್ಯಾಸ ಉಳಿಯುವುದಿಲ್ಲ.